ಆಮೆ ಬೆನ್ನಿನ ಮೇಜು

ಎದುರಿನ ಶೆಡ್ಡಿನ ಮುಂದೆ ಟೆಂಪೊ ಬಂದು ನಿಂತಾಗ ಮೂಲೆಮಟ್ಟ ಒಂದು ಕಿಟಕಿಯ ಗ್ರಿಲ್ಲಿಗೆ ಬೆಸುಗೆ ಹಾಕುತ್ತಿದ್ದ. ಕಣ್ಣಿನ ಮುಂದೆ ಕಪ್ಪು ಗಾಜು. ಆ ಗಾಜಿನೊಳಗಿಂದ ಕಿಡಿಯೊಂದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಷಡ್ಡಕನ ಶೆಡ್ಡಿಗೆ ಹೊಸದೇನಾದರೂ ಬಂದರೆ ಮೂಲೆಮಟ್ಟನಿಗೆ ಅದು ಹೇಗೋ ಕಂಡುಬಿಡುತ್ತಿತ್ತು. ಮುಖವಾಡ ಮೇಲೆತ್ತಿ ನೋಡಿದ. ಆರು ಜನ ಸೇರಿ, ಹೆರಿಗೆ ನೋವು ತಿನ್ನುವವರಂತೆ ಮುಖ ಮಾಡಿಕೊಂಡು, ಟೆಂಪೊದಿಂದ ಒಂದು ಮೇಜನ್ನು ಇಳಿಸುತ್ತಿದ್ದರು.

ವೆಲ್ಡಿಂಗ್ ಮೇಜು. ಕಾರ್ಖಾನೆಯಲ್ಲೇ ತಯಾರಾಗಿ ಬಂದದ್ದು. ಹೆಬ್ಬೆರಳಿನ ದಪ್ಪದ ಹಲಗೆ, ಅದರ ತುಂಬ ಸಾಲುಸಾಲಾಗಿ ದುಂಡು ತೂತುಗಳು. ಆ ತೂತುಗಳಿಗೆ ಗೂಟ ಸಿಕ್ಕಿಸಿ ಕ್ಲ್ಯಾಂಪು ಬಿಗಿದರೆ ಕಬ್ಬಿಣ ಮಿಸುಕಾಡುವುದಿಲ್ಲವಂತೆ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ನಾಲ್ಕು ಜನ ಕೈಯಿಂದ ಸವರಿದರು. ಒಬ್ಬರಂತೂ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಂಡರು, ಅಷ್ಟು ಹೊಳಪು.

"ಏನೋ ಅಂದ್ಕೊಂಡಿದ್ದೆ. ಇದೇನು, ಮೈ ತುಂಬಾ ತೂತು!" ಎಂದ ಮೂಲೆಮಟ್ಟ, ಯಾರೂ ಕೇಳದಿದ್ದರೂ. "ನಾನಾಗಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದೆ."

ಊಟದ ಡಬ್ಬಿ ತಂದಿದ್ದ ಹೆಂಡತಿ ಮಾತ್ರ ಕೇಳಿಸಿಕೊಂಡಳು. "ನೀವು ವಾಪಸ್ ಕಳಿಸೋಕೆ ಮೊದಲು ನಿಮಗೆ ಯಾರಾದ್ರೂ ಕಳಿಸಬೇಕಲ್ಲ" ಎಂದಳು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಅದೊಂದು ವಿಚಿತ್ರ ನಂಟು. ರಕ್ತದ ಹಂಗಿಲ್ಲ, ಆರಿಸಿಕೊಂಡ ಸ್ನೇಹವೂ ಅಲ್ಲ. ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರನ್ನು ಬದುಕಿರುವಷ್ಟು ಕಾಲ ಒಂದೇ ತಕ್ಕಡಿಗೆ ಹಾಕಿ ತೂಗುತ್ತಿರುತ್ತಾರೆ. ಈ ಷಡ್ಡಕ ಮೊದಲು ಯಾವುದೋ ಕಾರ್ಖಾನೆಯಲ್ಲಿದ್ದ. ನಾಲ್ಕು ವರ್ಷದ ಹಿಂದೆ ಅದನ್ನು ಬಿಟ್ಟು, ಊರಲ್ಲಿ ಅಷ್ಟೊಂದು ಜಾಗ ಇರುವಾಗ, ಸರಿಯಾಗಿ ಮೂಲೆಮಟ್ಟನ ಎದುರಿಗೇ ಶೆಡ್ಡು ಹಾಕಿದ. "ಎದುರಿಗಿದ್ರೆ ನಿಮ್ಮ ಆಶೀರ್ವಾದ ಇರುತ್ತಲ್ಲಣ್ಣ" ಎಂದಿದ್ದ. ಅಂದಿನಿಂದ ಮೂಲೆಮಟ್ಟ ದಿನವೂ ಬೆಳಿಗ್ಗೆ ಬಾಗಿಲು ತೆಗೆದು, ಆಶೀರ್ವಾದವಲ್ಲದ ಏನೋ ಒಂದನ್ನು ರಸ್ತೆಯಾಚೆ ಕಳಿಸುತ್ತಿದ್ದ.

ಮೂಲೆಮಟ್ಟ ಎಂಬ ಹೆಸರು ಬಂದದ್ದು ಅವನ ಚಾಳಿಯಿಂದ. ಯಾವುದನ್ನು ಕಂಡರೂ ಮೂಲೆಮಟ್ಟ, ಅಂದರೆ ಮೂಲೆಯ ನೇರ ಅಳೆಯುವ ಕಬ್ಬಿಣದ ಪಟ್ಟಿ, ಹಿಡಿದು ನೋಡುವುದು: ಕಂಡವರ ಮನೆಯ ಬಾಗಿಲು, ಬಸ್ಸಿನ ಕಿಟಕಿ, ಒಮ್ಮೆ ಆಸ್ಪತ್ರೆಯಲ್ಲಿ ತಾನೇ ಮಲಗಿದ್ದ ಹಾಸಿಗೆ. ತಮಾಷೆ ಎಂದರೆ ಅವನ ಸ್ವಂತ ಮೇಜಿನಲ್ಲಿ ಒಂದು ಮೂಲೆಯೂ ನೆಟ್ಟಗಿರಲಿಲ್ಲ. ಯಾವುದೋ ಹಳೆಯ ಲಾರಿಯ ತಳದ ತಗಡು, ಮೂರು ಕಾಲು ಪೈಪಿನವು, ನಾಲ್ಕನೆಯದು ಆಂಗಲ್ಲಿನದು, ಅದರ ಕೆಳಗೊಂದು ಇಟ್ಟಿಗೆ. ಎಡಗಡೆಗೆ ಎರಡು ನೂಲು, ಅಂದರೆ ಕಾಲಿಂಚು, ಇಳಿಜಾರು, ನಡುವೆ ಒಂದು ತಗ್ಗು, ಬಲತುದಿಯಲ್ಲಿ ಒಂದು ಗುಬುಟು. ಆದರೆ ಮೂವತ್ತು ವರ್ಷದಲ್ಲಿ ಆ ಸೊಟ್ಟೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಇಲ್ಲಿ ಒಂದು ವಾಷರ್, ಅಲ್ಲಿ ಎರಡು, ಈ ಮೂಲೆಗೆ ಮಡಿಸಿದ ತಗಡು. ಕಣ್ಣು ಮುಚ್ಚಿ ಇಟ್ಟರೂ ಗೇಟು ನೆಟ್ಟಗೆ ಬರುತ್ತಿತ್ತು. ಇನ್ನು ಅವನ ಬೆಸುಗೆಯ ಸಾಲೋ, ಚಿಲ್ಲರೆ ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗೆ. ಅವನು ಮಾಡಿದ್ದು ಯಾವುದೂ ವಾಪಸ್ ಬಂದಿರಲಿಲ್ಲ.

ಕೆಟ್ಟದ್ದು ಒಂದೇ ಒಂದು. ಅದೂ ವಾಪಸ್ ಬಂದಿರಲಿಲ್ಲ, ಬಂದಿದ್ದರೇ ಚೆನ್ನಾಗಿತ್ತು. ಮದುವೆಯಾದ ಹೊಸದರಲ್ಲಿ, ಮೇಜಿನ ಸೊಟ್ಟು ಇನ್ನೂ ಪೂರ್ತಿ ಬಾಯಿಗೆ ಬಾರದ ಕಾಲದಲ್ಲಿ, ಹೆಂಡತಿಯ ತವರಿಗೆ ಒಂದು ಕಬ್ಬಿಣದ ಮಂಚ ಮಾಡಿಕೊಟ್ಟಿದ್ದ. ಅದು ಕುಂಟುತ್ತಿತ್ತು. ಕೂತರೆ ಟಕ್, ಎದ್ದರೆ ಟಕ್. ಮಾವನೋ ನಿವೃತ್ತ ಸರ್ವೇಯರ್. ದಾರ ಹಿಡಿದು ಹೊಲಗಳ ಜಗಳ ಬಿಡಿಸಿದ ಮನುಷ್ಯ. ಅವರು ಒಂದು ಮಾತೂ ಆಡದೆ ರಟ್ಟನ್ನು ಮಡಿಸಿ ಕಾಲಿನ ಕೆಳಗಿಟ್ಟರು. ವರ್ಷಕ್ಕೊಮ್ಮೆ ರಟ್ಟು ಬದಲಾಗುತ್ತಿತ್ತು, ಮಾತು ಮಾತ್ರ ಇವತ್ತಿಗೂ ಬಂದಿರಲಿಲ್ಲ. ಆದರೆ ಮೂಲೆಮಟ್ಟ ಹೋದಾಗಲೆಲ್ಲ, "ಬನ್ನಿ ದೊಡ್ಡಳಿಯಂದಿರೇ, ಹೀಗೆ ಬನ್ನಿ" ಎಂದು ಅದೇ ಮಂಚದ ಮೇಲೆ ಕೂರಿಸುತ್ತಿದ್ದರು. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು ಎಂದುಕೊಂಡು ಅವನು ಆ ಮಂಚದ ಮೇಲೆ ಮೈ ಬಿಗಿಹಿಡಿದು, ಶಬ್ದ ಬಾರದಂತೆ ಕೂರುತ್ತಿದ್ದ. ಆದರೂ ಬರುತ್ತಿತ್ತು.

ಮೇಜು ಬಂದ ಮರುವಾರ ಮಾವ ಇಬ್ಬರು ಅಳಿಯಂದಿರನ್ನೂ ಕರೆಸಿದರು. ಮನೆಯ ಮುಂದಿನ ಮರದ ಗೇಟು ಗೆದ್ದಲು ಹಿಡಿದಿತ್ತು. ಹೊಸ ಕಬ್ಬಿಣದ ಗೇಟಿಗೆ ಪೆನ್ಸಿಲಿನಲ್ಲಿ, ಕೂದಲೆಳೆಯಷ್ಟೂ ತಪ್ಪದ ಹಾಗೆ ನಕ್ಷೆ ಬರೆದಿಟ್ಟಿದ್ದರು.

"ಗೇಟಿಗೆ ಎರಡು ಬಾಗಿಲು. ನನಗೆ ಇಬ್ಬರು ಅಳಿಯಂದಿರು. ಎಡಗಡೇದು ದೊಡ್ಡವರು ಮಾಡಲಿ, ಬಲಗಡೇದು ಚಿಕ್ಕವರು. ನಡುವೆ ಮೇಲಿಂದ ಕೆಳಗಿನವರೆಗೂ ಒಂದೇ ಸಂದು ಇರಬೇಕು, ನನ್ನ ಕಿರುಬೆರಳಿನಷ್ಟು" ಎಂದು ಕಿರುಬೆರಳು ತೋರಿಸಿದರು. "ಮುಂದಿನ ತಿಂಗಳ ಮೊದಲ ಭಾನುವಾರ ನಿಲ್ಲಿಸೋಣ."

ಕೂತಿದ್ದ ಮಂಚದ ಮೇಲಿಂದಲೇ ಮೂಲೆಮಟ್ಟ ನಕ್ಷೆಯತ್ತ ಬಗ್ಗಿದ. ಮಂಚವಾದರೆ ಮನೆಯ ಒಳಗಿತ್ತು. ಗೇಟು ಬೀದಿಯಲ್ಲಿ ನಿಲ್ಲುವಂಥದ್ದು, ಅದೂ ಷಡ್ಡಕನ ಬಾಗಿಲಿಗೆ ಭುಜ ತಾಗಿಸಿಕೊಂಡು, ಅವರಿಬ್ಬರೂ ಸತ್ತ ಮೇಲೂ. ಗೇಟಿನ ಕೆಳಗೆ ರಟ್ಟು ಇಡಲು ಬರುವುದಿಲ್ಲ. ಟಕ್ ಎಂದಿತು ಮಂಚ.

"ನನ್ನದು ಎರಡು ದಿನದ ಕೆಲಸ ಬಿಡಿ ಮಾವ, ಹೊಸ ಮೇಜಿದೆಯಲ್ಲ" ಎಂದ ಷಡ್ಡಕ ತನ್ನ ಪ್ಲಾಸ್ಟಿಕ್ ಕುರ್ಚಿಯಿಂದ.

ಆ ಒಂದು ಮಾತು ಸಾಕಾಯಿತು. ದಾರಿಯಲ್ಲೇ ಮೂಲೆಮಟ್ಟ ಹೆಂಡತಿಗೆ ಘೋಷಿಸಿದ: "ನಾನೂ ಮೇಜು ಮಾಡ್ತೀನಿ. ಅವನದಕ್ಕಿಂತ ಒಂದು ಗೇಣು ಉದ್ದ."

"ಮೂವತ್ತು ವರ್ಷ ಇಲ್ಲದ್ದು ಈಗ್ಯಾಕೆ?"

"ಕೆಲಸಕ್ಕೆ ಬೇಕು."

"ಕೆಲಸಕ್ಕೆ ಬೇಕಿದ್ರೆ ಒಂದು ಗೇಣು ಉದ್ದ ಯಾಕೆ ಬೇಕು?"

ಅವನು ಬೇಗಬೇಗ ಹೆಜ್ಜೆ ಹಾಕಿದ.

ಉದ್ದ ಮಾಡಬೇಕೆಂದರೆ ಮೊದಲು ಅವನದೆಷ್ಟು ಉದ್ದ ಎಂದು ತಿಳಿಯಬೇಕಲ್ಲ. ಮರುದಿನ ಸ್ಪ್ಯಾನರ್ ಕೇಳುವ ನೆಪದಲ್ಲಿ ರಸ್ತೆ ದಾಟಿದ. ಮಾತಾಡುತ್ತ ಮಾತಾಡುತ್ತ ಅಂಗೈಯನ್ನು ಮೇಜಿನ ಅಂಚಿನ ಮೇಲೆ ಹರಿಸಿದ, ಏನೋ ಹಸುವಿನ ಬೆನ್ನು ನೇವರಿಸುವವನ ಹಾಗೆ. ಒಂದು ಗೇಣು, ಎರಡು ಗೇಣು. "ಮಕ್ಕಳು ಹೇಗಿದ್ದಾರೆ?" ಐದು. "ಓದ್ತಾ ಇದ್ದಾರಾ?" ಏಳು. ಒಂಬತ್ತಕ್ಕೆ ತುದಿ ಬಂತು. ಅಡ್ಡಕ್ಕೆ ತಿರುಗುವಷ್ಟರಲ್ಲಿ ಷಡ್ಡಕ ಜೇಬಿಗೆ ಕೈ ಹಾಕಿದ.

"ಅಣ್ಣ, ಟೇಪು ಕೊಡ್ಲಾ?"

ಮೂಲೆಮಟ್ಟ ಸ್ಪ್ಯಾನರನ್ನೂ ಮರೆತು ಬಂದ.

ಗುಜರಿಯಲ್ಲಿ ಹತ್ತು ಗೇಣಿನ ಪ್ಲೇಟು ಸಿಕ್ಕಿತು. ಷಡ್ಡಕನದರಷ್ಟು ದಪ್ಪವಿಲ್ಲ, ನಿಜ. ಆದರೆ ದಪ್ಪ ದೂರದಿಂದ ಕಾಣುವುದಿಲ್ಲ, ಉದ್ದ ಕಾಣುತ್ತದೆ. ಅದಕ್ಕೆ ಬದಲಾಗಿ ಹಳೆಯ ಮೇಜನ್ನು ಇಟ್ಟಿಗೆಸಮೇತ ಗುಜರಿಯವನ ಗಾಡಿಗೆ ಏರಿಸಿಬಿಟ್ಟ. ಅದು ಗಾಡಿಯಲ್ಲಿ ಕೂಡ ಸೊಟ್ಟಗೇ ನಿಂತಿತ್ತು. ಹೆಂಡತಿ, "ಇರಲಿ ಬಿಡಿ, ಒಂದು ಮೂಲೇಲಿ ಇರುತ್ತೆ" ಎಂದಳು. "ಮರ್ಯಾದೆ ಹೋಗುತ್ತೆ" ಎಂದ ಇವನು.

ಇಲ್ಲಿ ಒಂದು ಮಾತು ಹೇಳಬೇಕು. ಬೆಸುಗೆ ಕಲಿಯಲು ಬಂದವರಿಗೆಲ್ಲ ಮೂಲೆಮಟ್ಟ ಮೊದಲ ದಿನವೇ ಹೇಳುತ್ತಿದ್ದ ಪಾಠ ಒಂದೇ: ಉದ್ದಕ್ಕೆ ಒಂದೇ ಸಮನೆ ಬೆಸೆಯಬೇಡ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡು. ಕಾದ ಕಬ್ಬಿಣ ಆರುವಾಗ ಮುದುಡುತ್ತದೆ. ಒಂದೇ ಕಡೆ ಕಾಯಿಸಿದರೆ ಆ ಕಡೆಗೇ ಎಳೆದು ಹಲಗೆಯನ್ನು ಬಗ್ಗಿಸುತ್ತದೆ. ಈ ಪಾಠವನ್ನು ಅವನು ಊಟ ಮಾಡುತ್ತಲೂ ಹೇಳಬಲ್ಲ.

ಆದರೆ ಷಡ್ಡಕನ ಮೇಜಿನ ಕೆಳಗೆ ಬಗ್ಗಿ ನೋಡಿದವರು, "ಏನ್ ಬಿಗಿ, ಏನ್ ಬಿಗಿ" ಎಂದಿದ್ದನ್ನು ಅವನು ಕೇಳಿಸಿಕೊಂಡಿದ್ದ. ನಾಳೆ ತನ್ನ ಮೇಜಿನ ಕೆಳಗೂ ಯಾರಾದರೂ ಬಗ್ಗಿ ನೋಡಿಯಾರು. ಚುಕ್ಕಿ ಚುಕ್ಕಿ ಕಂಡರೆ ಏನೆಂದಾರು? ಪ್ಲೇಟನ್ನು ಮಗುಚಿ ಹಾಕಿ, ಆಂಗಲ್ಲಿನ ಚೌಕಟ್ಟು ಕೂರಿಸಿ, ಬೆಳಿಗ್ಗೆ ಶುರು ಮಾಡಿದವನು ಎಲ್ಲೂ ನಿಲ್ಲಿಸಲಿಲ್ಲ. ತುದಿಯಿಂದ ತುದಿಗೆ, ಒಳಗೂ ಹೊರಗೂ, ನಾಣ್ಯದ ಮೇಲೆ ನಾಣ್ಯ. ಅವನ ಬದುಕಿನ ಅತಿ ಸುಂದರವಾದ ಬೆಸುಗೆ ಅದು. ಸಂಜೆ ಹೊತ್ತಿಗೆ ಎದುರಿನವನು ಹಣೆಗೆ ಕೈ ಅಡ್ಡ ಹಿಡಿದು ಎರಡು ಸಲ ಇತ್ತ ನೋಡಿದ್ದ. ಅಂದು ಮೂಲೆಮಟ್ಟನಿಗೆ ಊಟ ರುಚಿಸಿತು.

ಬೆಳಿಗ್ಗೆ ಪಕ್ಕದ ಗ್ಯಾರೇಜಿನವರನ್ನು ಕರೆದು ಮೇಜನ್ನು ನೆಟ್ಟಗೆ ನಿಲ್ಲಿಸಿಕೊಂಡ. ಅವರು ಹೋದ ಮೇಲೆ ಬೇರಿಂಗಿನ ಒಂದು ಗುಂಡನ್ನು ನಡುವೆ ಇಟ್ಟ. ಅದು ಒಂದು ಗಳಿಗೆ ಯೋಚಿಸಿ, ಎಡಕ್ಕೆ ಉರುಳಿ ಕೆಳಗೆ ಬಿತ್ತು. ಮತ್ತೆ ಇಟ್ಟ. ಬಲಕ್ಕೆ ಉರುಳಿ ಬಿತ್ತು. ಎಡಕ್ಕೂ ಬಲಕ್ಕೂ ಉರುಳುತ್ತದೆಂದರೆ ಏನರ್ಥ ಎಂದು ಅವನಿಗೆ ಗೊತ್ತಿತ್ತು, ಆದರೂ ಇನ್ನೂ ನಾಲ್ಕು ಸಲ ಇಟ್ಟ. ಗುಂಡು ಹಟ ಬಿಡಲಿಲ್ಲ. ಅಂಚುಗಳೆಲ್ಲ ಇಳಿದು, ನಡು ಉಬ್ಬಿ, ಹತ್ತು ಗೇಣು ಉದ್ದದ ಒಂದು ಆಮೆ ಅವನ ಶೆಡ್ಡಿನಲ್ಲಿ ಬೆನ್ನು ಮೇಲೆ ಮಾಡಿ ನಿಂತಿತ್ತು.

ಷಡ್ಡಕ ಬರುವುದನ್ನು ಕಂಡು ಟಾರ್ಪಾಲು ಎಳೆದು ಮುಚ್ಚಿದ.

"ಅಣ್ಣ, ಮೇಜು ತೋರ್ಸಿ, ನೋಡೋಣ."

"ಆಮೇಲೆ. ಬಣ್ಣ ಒಣಗಿಲ್ಲ."

"ವೆಲ್ಡಿಂಗ್ ಮೇಜಿಗೆ ಬಣ್ಣಾನಾ?"

"ಕೆಳಗಡೆಗೆ."

"ಕೆಳಗಡೆ ಯಾರಣ್ಣ ನೋಡ್ತಾರೆ?"

ಮೂಲೆಮಟ್ಟ ನಗಲು ಹೋದ. ಬಾಯಿ ಮಾತ್ರ ಅಗಲವಾಯಿತು.

ಆ ಆಮೆಯ ಮೇಲೆಯೇ ತನ್ನ ಪಾಲಿನ ಬಾಗಿಲು ಜೋಡಿಸಿದ. ನೆಲದ ಮೇಲೆ ಮಾಡೋಣವೆಂದರೆ ಶೆಡ್ಡಿನ ಹಾಸುಗಲ್ಲುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ವಾಷರ್ ಇಟ್ಟ, ತಗಡು ಮಡಿಸಿ ಇಟ್ಟ, ಆದರೆ ಎಲ್ಲಿಗೆ ಎಷ್ಟು? ಹಳೆಯ ಮೇಜಿನ ಸೊಟ್ಟು ಅವನ ಸ್ವಂತ ಕೈಬರಹದ ಹಾಗೆ. ಈ ಹೊಸ ಸೊಟ್ಟನ್ನು ಓದಲು ಇನ್ನೂ ಮೂವತ್ತು ವರ್ಷ ಬೇಕಿತ್ತು. ಉಳಿದಿದ್ದುದು ಹನ್ನೊಂದು ದಿನ. ಬಾಗಿಲನ್ನು ಇಳಿಸಿ ನೆಟ್ಟಗಿದ್ದ ಒಂದು ಕಲ್ಲಿನ ಮೇಲಿಟ್ಟು ಮೂಲೆ ಒತ್ತಿದ.

ಟಕ್.

ಅದೇ ಶಬ್ದ. ಇಪ್ಪತ್ತೇಳು ವರ್ಷದ ಮೇಲೆ, ತವರಿನಿಂದ ಹುಡುಕಿಕೊಂಡು ಬಂದ ಹಾಗೆ.

ಎರಡು ದಿನ ಒದ್ದಾಡಿ, ಮೂರನೇ ದಿನ ಮರ್ಯಾದೆ ಬಿಟ್ಟು ಗುಜರಿಗೆ ಓಡಿದ. ಹಳೆಯ ಮೇಜು ಅಲ್ಲಿರಲಿಲ್ಲ.

"ನಿಮ್ಮ ಷಡ್ಡಕರು ಬಂದು ಒಯ್ದರಲ್ಲ! ನೀವು ಕೊಟ್ಟ ಸಂಜೇನೇ" ಎಂದ ಗುಜರಿಯವನು. "ನೀವೇ ಕಳಿಸಿದ್ದು ಅಂದ್ಕೊಂಡೆ. ಇಟ್ಟಿಗೇನೂ ಕೇಳಿ ಇಸ್ಕೊಂಡ್ರು."

ಮೂಲೆಮಟ್ಟ ಅಲ್ಲಿಂದಲೇ ತಿರುಗಿದ. ಅಷ್ಟು ದೊಡ್ಡ ಮೇಜಿಟ್ಟುಕೊಂಡು ನನ್ನ ದರಿದ್ರದ್ದರ ಮೇಲೂ ಕಣ್ಣು! ನೇರವಾಗಿ ಷಡ್ಡಕನ ಶೆಡ್ಡಿಗೆ ನುಗ್ಗಿದ. ಮಧ್ಯಾಹ್ನದ ಹೊತ್ತು. ಹೊಳೆಯುವ ಹೊಸ ಮೇಜಿನ ಮೇಲೆ ನಾದಿನಿ ಊಟದ ಡಬ್ಬಿಗಳನ್ನು ಬಿಚ್ಚಿಡುತ್ತಿದ್ದಳು.

"ಬನ್ನಿ ಭಾವ, ಸರಿಯಾದ ಹೊತ್ತಿಗೆ ಬಂದ್ರಿ. ಇವರಿಗೆ ನೀವಾದ್ರೂ ಬುದ್ಧಿ ಹೇಳಿ. ಇಷ್ಟು ಚೆನ್ನಾಗಿರೋ ಮೇಜು ಬಿಟ್ಟು ಒಂದು ವಾರದಿಂದ ಹಿಂದುಗಡೆ ಯಾವುದೋ ಹಾಳು ಮೇಜಿನ ಮುಂದೆ ತಪಸ್ಸಿಗೆ ಕೂತಿದ್ದಾರೆ."

ಹಿಂದುಗಡೆ ಟಾರ್ಪಾಲಿನ ಮರೆಯಲ್ಲಿ ಮೂಲೆಮಟ್ಟನ ಹಳೆಯ ಮೇಜು. ಇಟ್ಟಿಗೆ ಕೂಡ ಸ್ವಸ್ಥಾನದಲ್ಲಿತ್ತು. ಅದರ ಮೇಲೆ ಗೇಟಿನ ಬಲಗಡೆಯ ಬಾಗಿಲು. ಒಂದು ಮೂಲೆ ಆಕಾಶ ನೋಡುತ್ತಿತ್ತು. ಬೆಸುಗೆಯೋ, ಕೋಳಿ ಕೆದರಿದ ಹಾಗೆ. ಪಕ್ಕದಲ್ಲಿ ಅದನ್ನು ಮುಚ್ಚಲು ಒಂದು ಡಬ್ಬ ಲಪ್ಪ, ಬಣ್ಣಕ್ಕೆ ಮೊದಲು ಮೆತ್ತುವ ಪುಟ್ಟಿ.

ಷಡ್ಡಕ ಎದ್ದು ನಿಂತ. ಕದ್ದು ಸಿಕ್ಕಿಬಿದ್ದವನ ಮುಖ.

"ಏನೋ ಇದು?"

"ಏನಿಲ್ಲಣ್ಣ."

"ಏನಿಲ್ಲ ಅಂದ್ರೆ? ನಿನ್ನ ಮೇಜಿಗೆ ಏನಾಗಿದೆ?"

"ಅದಕ್ಕೇನಾಗಿದೆ, ಗಾಜಿನ ಹಾಗಿದೆ. ನನ್ನ ಕೈಗೇ ಆಗಿರೋದು." ಷಡ್ಡಕ ನೆಲ ನೋಡಿದ. "ಆ ಮೇಜಿನ ಮೇಲೆ ಮಾಡಿದ್ರೆ ಎಲ್ಲಾ ನೆಟ್ಟಗೆ ಬರುತ್ತೆ, ಆದ್ರೆ ಸಾಲು ನೋಡಿ, ಹೀಗೆ. ನೀವು ಈ ದರಿದ್ರದ ಮೇಲೆ ಮಾಡಿದ್ದು ಒಂದೂ ವಾಪಸ್ ಬಂದಿಲ್ಲ. ಇದರಲ್ಲೇ ಏನೋ ಇರ್ಬೇಕು ಅಂದ್ಕೊಂಡೆ."

ಮೂಲೆಮಟ್ಟ ಬೈಯುವುದನ್ನು ಮರೆತು ಆ ಸಾಲಿನ ಮೇಲೆ ಬೆರಳಾಡಿಸಿದ.

"ನಿಮಗೇನಣ್ಣ, ಎಲ್ಲದ್ರಲ್ಲೂ ನೀವೇ ಮೊದಲು." ಷಡ್ಡಕನ ಕಟ್ಟೆಯೊಡೆದಿತ್ತು. "ಮಾವನ ಮನೆಗೆ ಹೋದ್ರೆ ನಿಮಗೆ ಮಂಚ. ನನಗೆ ಹದಿನೆಂಟು ವರ್ಷದಿಂದ ಪ್ಲಾಸ್ಟಿಕ್ ಕುರ್ಚಿ. ಒಂದು ದಿನ ನಾನೇ ಹೋಗಿ ಮಂಚದ ಮೇಲೆ ಕೂತೆ. 'ಅದು ದೊಡ್ಡಳಿಯಂದಿರು ಮಾಡಿದ್ದು, ಅವರ ಜಾಗ' ಅಂತ ಎಬ್ಬಿಸಿದ್ರು!"

"ಅದು ಕುಂಟುತ್ತೆ ಕಣೋ!"

"ಕುಂಟಲಿ. ನನ್ನ ಕುರ್ಚಿ ಕುಂಟೋದೂ ಇಲ್ಲ, ಅದನ್ನ ಯಾರೂ ಕೇಳೋದೂ ಇಲ್ಲ."

ಇಪ್ಪತ್ತೇಳು ವರ್ಷದ ಅವಮಾನ ಒಂದು ಗೌರವವಾಗಿತ್ತು ಎಂದು ತಿಳಿದರೆ ಮನುಷ್ಯನಿಗೆ ಸಂತೋಷವಾಗಬೇಕು. ಮೂಲೆಮಟ್ಟನಿಗೆ ಆಯಿತು. ಆದರೆ ಆದ ಸಂತೋಷದಲ್ಲಿ ಮುಕ್ಕಾಲು ಪಾಲು, ಷಡ್ಡಕನೂ ತನ್ನನ್ನು ಕಂಡು ಕರುಬುತ್ತಾನೆ ಎಂಬುದಕ್ಕೆ. ಆ ಖುಷಿಯ ಭರದಲ್ಲಿ ತನ್ನ ಟಾರ್ಪಾಲಿನ ಗುಟ್ಟನ್ನೂ ಹೇಳಿಬಿಟ್ಟ. ಷಡ್ಡಕ ಓಡಿಹೋಗಿ ಗುಂಡು ಉರುಳಿಸಿ ನೋಡಿ ಬಂದ. ಬರುವಾಗ ಅವನ ಮುಖದ ಮೇಲೂ ಅಂಥದ್ದೇ ಖುಷಿಯಿತ್ತು.

ಉಳಿದಿದ್ದುದು ಎಂಟು ದಿನ, ಎರಡು ಸೊಟ್ಟ ಬಾಗಿಲು. ಎಡಗಡೆಯದನ್ನು ರಸ್ತೆ ದಾಟಿಸಿ ತಂದರು. ಎರಡನ್ನೂ ಗ್ರೈಂಡರಿನಿಂದ ಕೊಯ್ದು ಬಿಡಿಸಿ, ಹೊಸ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದರು. ಷಡ್ಡಕ ತೂತಿಗೆ ಗೂಟ ಸಿಕ್ಕಿಸಿ ಕ್ಲ್ಯಾಂಪು ಬಿಗಿದ. ಮೂಲೆಮಟ್ಟ ಮೂಲೆಮಟ್ಟ ಹಿಡಿದು ನೋಡಿದ, ಕೂದಲು ತೂರುವಷ್ಟೂ ಸಂದಿಲ್ಲ. ಅಲ್ಲಿಯತನಕ ಆ ಮೇಜನ್ನು ನೋಡಿ ಅವನ ಹೊಟ್ಟೆ ಉರಿದಿತ್ತು, ಈಗ ಮುಟ್ಟಿ ಉರಿಯಿತು. ಇಂಥದ್ದೊಂದು ಮೊದಲೇ ಇದ್ದಿದ್ದರೆ ಎಷ್ಟು ವಾಷರ್ ಉಳಿಯುತ್ತಿತ್ತು, ಎಷ್ಟು ಸೊಂಟನೋವು! "ಪರವಾಗಿಲ್ಲ" ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಿಂದ ಹೊರಡಲಿಲ್ಲ.

ಬೆಸುಗೆಗೆ ಕೂತ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ.

"ಒಂದೇ ಸಲ ಎಳೆದುಬಿಡಬಾರದಾ?" ಎಂದ ಷಡ್ಡಕ, ಬೇಕೆಂದೇ.

"ಸುಮ್ನಿರೋ. ಆರಬೇಕು."

ತನ್ನ ಬಾಗಿಲು ಮುಗಿದ ಮೇಲೆ ಮೂಲೆಮಟ್ಟ ಮುಖವಾಡ ತೆಗೆದಿಟ್ಟ. ಷಡ್ಡಕ ತಲೆ ಕೆರೆದುಕೊಂಡ. "ಅಣ್ಣ, ನನ್ನದಕ್ಕೂ ನೀವೇ..."

"ಆಗಲ್ಲ. ಯಾವುದು ಯಾರದು ಅಂತ ಜನಕ್ಕೆ ಗೊತ್ತಾಗಬೇಡವಾ?" ಎಂದವನು ಐದು ನಿಮಿಷ ಕೋಳಿ ಕೆದರುವುದನ್ನು ನೋಡಿ ತಡೆಯಲಾರದೆ ಎದ್ದ. "ಕೊಡಿಲ್ಲಿ. ನಡುವಿನ ಪಟ್ಟಿಗೆ ಮಾತ್ರ ಹಾಕ್ತೀನಿ. ನಿನಗೋಸ್ಕರ ಅಲ್ಲ. ಪಕ್ಕದಲ್ಲಿ ನನ್ನ ಬಾಗಿಲು ನಿಲ್ಲಬೇಕಲ್ಲ, ಅದಕ್ಕೆ."

ಭಾನುವಾರ ಗೇಟು ನಿಂತಿತು. ಮಾವ ತೂಗುಗುಂಡು ಬಿಟ್ಟು ನೋಡಿದರು, ದಾರ ಹಿಡಿದು ನೋಡಿದರು. ಕೊನೆಗೆ ಸ್ಟೂಲು ಹತ್ತಿ, ಕಿರುಬೆರಳನ್ನು ಸಂದಿನ ಮೇಲ್ತುದಿಯಲ್ಲಿ ಇಟ್ಟು, ನಿಧಾನವಾಗಿ ಇಳಿಸುತ್ತ, ತಾವೂ ಇಳಿಯುತ್ತ, ಕುಕ್ಕರುಗಾಲಿನಲ್ಲಿ ಕೂತು ನೆಲ ಮುಟ್ಟಿಸಿದರು. ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. 

"ಸರಿಯಿದೆ" ಎಂದರು ಮಾವ. ಆಮೇಲೆ ಜೇಬಿನಿಂದ ನೆಲಕ್ಕೆ ಇಳಿಯುವ ಚಿಲಕವೊಂದನ್ನು ತೆಗೆದು ಮೂಲೆಮಟ್ಟನ ಕೈಗಿತ್ತರು. "ಇದನ್ನ ಎಡಗಡೇದಕ್ಕೆ ಹಾಕಿಬಿಡಿ. ಅದು ಸದಾ ಮುಚ್ಚಿರಲಿ. ಓಡಾಟಕ್ಕೆ ಬಲಗಡೇದೊಂದು ಸಾಕು."

ಎಡಗಡೆಯದು ಮೂಲೆಮಟ್ಟನದು.

ತನ್ನ ಬಾಗಿಲಿನ ಕಾಲಿಗೆ ತಾನೇ ಬೇಡಿ ಬೆಸೆದು, ಅವನು ಒಳಗೆ ಬಂದು ಮಂಚದ ಮೇಲೆ ಕೂತ. ಟಕ್. ಷಡ್ಡಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಂಚವನ್ನೇ ನೋಡುತ್ತಿದ್ದ. ಮಂಚದಿಂದ ಕಿಟಕಿಯಾಚೆಗೆ ಗೇಟು ಕಾಣುತ್ತಿತ್ತು. ಪಕ್ಕದ ಮನೆಯವರು ಬಂದರು, ಬಲಗಡೆಯದನ್ನು ತಳ್ಳಿದರು. ನಾದಿನಿ ಹೋದಳು, ಬಲಗಡೆಯದು. ಬೀದಿಯ ನಾಯಿ ಕೂಡ ಬಲಗಡೆಯದನ್ನೇ ಮೂತಿಯಿಂದ ನೂಕಿತು.

"ಮಂಚ ನನ್ನ ಶೆಡ್ಡಿಗೆ ತನ್ನಿ ಅಣ್ಣ, ಹೊಸ ಮೇಜಿನ ಮೇಲಿಟ್ಟು ಕಾಲು ಸರಿ ಮಾಡ್ಕೊಡ್ತೀನಿ" ಎಂದ ಷಡ್ಡಕ, ತುಂಬ ಒಳ್ಳೆಯವನ ಹಾಗೆ.

"ಅದನ್ನ ಮುಟ್ಟಿದ್ರೆ ನೋಡು" ಎಂದ ಮೂಲೆಮಟ್ಟ. ಬೇಕೆಂದೇ ಎರಡು ಸಲ ಅತ್ತಿತ್ತ ಜರುಗಿ ಕೂತ. ಟಕ್, ಟಕ್.

ಅಷ್ಟರಲ್ಲಿ ಕೊರಿಯರಿನವನು ಬಂದ. ಕೈಯಲ್ಲಿದ್ದ ಕಾಗದ ನೋಡುತ್ತಲೇ ಎಡಗಡೆಯ ಬಾಗಿಲನ್ನು ತಳ್ಳಿದ. ಅದು ಅಲುಗಲಿಲ್ಲ. ಮತ್ತೊಮ್ಮೆ ತಳ್ಳಿದ, ಭುಜ ಕೊಟ್ಟು ತಳ್ಳಿದ. ಆಮೇಲೆ ಬಲಗಡೆಯದನ್ನು ತೆರೆದು ಒಳಗೆ ಬಂದ.

"ನೋಡಿದೆಯಾ?" ಮೂಲೆಮಟ್ಟ ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ಮೊದಲು ಕೈ ಹಾಕಿದ್ದು ನನ್ನದಕ್ಕೇ."